ಲಿನಕ್ಸ್ ಹಾಕಿದ ದಿನ ನನ್ನ ಬೆನ್ನಿಗೆ ಬಿದ್ದ ಗುದ್ದು

ಅಂದು ಮಾಡಿದ ಕೆಲಸಗಳು: ಎರಡು ಸೇರು ಜೋಳ ಹಸನು ಮಾಡಿದ್ದು, ಎರಡು ಗಡ್ಡೆ ಬೆಳ್ಳುಳ್ಳಿ ಸುಲಿದದ್ದು, ಪುಂಡಿ ಸೊಪ್ಪು ಸೋಸಿದ್ದು, ಯಜಮಾನರ ಅಂಗಿಗೆ ಗುಂಡಿ ಹಚ್ಚಿದ್ದು, ನೀರು ಬೆರೆಸಿದ ಹಾಲಿನವನನ್ನು ಬೈದದ್ದು. ಎಲ್ಲವೂ ಕುಳಿತಲ್ಲೇ. ಹಿತ್ತಲ ಪಾಚಿಯಲ್ಲಿ ಜಾರಿ ಬಿದ್ದು, ಬಲಗಾಲಿಗೆ ಮೊಣಕಾಲ ತನಕ ಪ್ಲಾಸ್ಟರ್ ಹಾಕಿಸಿಕೊಂಡು ಅಂದಿಗೆ ಹನ್ನೆರಡು ದಿನ.

ಅದು ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಸವದತ್ತಿಯಲ್ಲಿದ್ದೆವು. ಅಂದೇ ಸೊಲ್ಲಾಪುರದಲ್ಲಿ ನನ್ನ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ನಮ್ಮಲ್ಲಿ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುವವಳು ಸೋದರತ್ತೆ. ಹೇಳಿದ ಕೂಡಲೇ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ತಮ್ಮನಿಗೆ ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹುಟ್ಟಿದ ಕೂಸು ಅದು. ಆ ಒಂಬತ್ತೂ ವರ್ಷ ಬೆನ್ನು ಕಾದಿಟ್ಟುಕೊಂಡು ಕೂತವಳು ನಾನು. ಈಗ ನೋಡಿದರೆ ಬಸ್ಸು ಹತ್ತಲು ಕಾಲಿಲ್ಲ.

ಕಂಪ್ಯೂಟರಿನಲ್ಲಿ ಹೇಳಿಸೋಣ ಎಂದ ತಮ್ಮ. ಅವನ ಅತ್ತೆಯವರು ಒಪ್ಪಿದರು, ಆದರೆ ಫೋನಿನಲ್ಲಿ ನನಗೊಂದು ಕರಾರು ಹಾಕಿದರು.

"ಹೆಸರು ಅಲ್ಲಿಂದನ ಹೇಳ್ರಿ, ನಡೀತೈತಿ. ಆದ್ರ ಗುದ್ದು ಬೀಳೂದು ನಮ್ಮ ಕಣ್ಣಿಗೆ ಕಾಣಬೇಕು. ಬರೇ ಫೋನಿನ್ಯಾಗ 'ಗುದ್ದಿದ್ರು' ಅಂದ್ರ ಯಾರು ನಂಬಬೇಕ್ರಿ?"

ನಾಲ್ಕು ಗಂಟೆಯೊಳಗೆ ನಾನು ಕಾಣದಿದ್ದರೆ ನಮ್ಮ ಚಿಕ್ಕಪ್ಪನ ಮಗಳೇ ಹೆಸರು ಹೇಳುವುದೆಂದಾಯಿತು. ಆಕೆ ಹೊಸ ಇಳಕಲ್ ಸೀರೆ ಉಟ್ಟು ಬೆಳಿಗ್ಗೆಯೇ ತೊಟ್ಟಿಲ ಹತ್ತಿರ ಕುಳಿತಿದ್ದಾಳೆಂದು ಸುದ್ದಿ ಬಂತು.

ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ರಾಮದುರ್ಗದ ಗೆಳೆಯರಿಂದ ಹಳೆಯ ಲ್ಯಾಪ್‌ಟಾಪ್ ತಂದಿದ್ದರು. ಅದಕ್ಕೆ ವೈರಸ್ ಹಿಡಿದು ಒಂದು ಅಕ್ಷರ ಮೂಡಿಸಲೂ ನರಳುತ್ತಿತ್ತು. ಬೈಲಹೊಂಗಲದ ಮಾಸ್ತರರೊಬ್ಬರು ಕೊಟ್ಟ ಸಿ.ಡಿ. ಹಾಕಿ, ಇದ್ದದ್ದನ್ನೆಲ್ಲ ಅಳಿಸಿ, ಅಂದು ಮುಂಜಾನೆ ವಿಂಡೋಸ್ ಬದಲು ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ ಕೂಡಿಸಿದರು. ಒಂದೇ ತಾಸಿನ ಕೆಲಸ. ಪರದೆ ಬಂತು, ಧ್ವನಿ ಬಂತು, ಕ್ಯಾಮೆರಾದಲ್ಲಿ ನನ್ನ ಪ್ಲಾಸ್ಟರೂ ಕಂಡಿತು. ಬಾರದ್ದು ವೈರ್‌ಲೆಸ್ ಒಂದೇ. ನಮಗೆ ಬೇಕಾದದ್ದೂ ಅದೊಂದೇ, ಏಕೆಂದರೆ ಇಂಟರ್ನೆಟ್ ಇದ್ದದ್ದು ಗೋಡೆಯಾಚೆಯ ಭಾಭಿಯ ಮನೆಯ ಮಹಡಿಯಲ್ಲಿ. ಅವರ ಯಜಮಾನರು ಅಲ್ಲಿ ಜೀಪು ಬಾಡಿಗೆಯ ಬುಕಿಂಗ್ ನಡೆಸುತ್ತಿದ್ದರು.

"ಏನಂತೈತ್ರಿ ಅದು?" ಎಂದೆ.

"ಇದರಾಗಿನ ಕಾರ್ಡಿಗೆ ಫರ್ಮ್‌ವೇರ್ ಅನ್ನೋ ಫೈಲ್ ಬೇಕಂತ. ಅದಿಲ್ಲಂದ್ರ ಕಣ್ಣ ತೆಗ್ಯಾಂಗಿಲ್ಲಂತ."

"ಎಲ್ಲಿ ಸಿಗತೈತ್ರಿ?"

"ಇಂಟರ್ನೆಟ್ಟಿನ್ಯಾಗ."

"ಇಂಟರ್ನೆಟ್ ಬರಾಕ ಏನ್ ಬೇಕು?"

"ವೈರ್‌ಲೆಸ್."

"ಅಂದ್ರ ಕೊಡಾ ಎತ್ತಾಕ ಹಗ್ಗ ಬೇಕು, ಹಗ್ಗ ಕೊಡದ ಜೋಡಿ ಬಾವ್ಯಾಗ ಬಿದ್ದೈತಿ."

"ನೀ ಸುಮ್ನ ಬೆಳ್ಳೊಳ್ಳಿ ಸುಲಿ."

ಪೆನ್‌ಡ್ರೈವ್ ಹಿಡಿದು ಭಾಭಿಯ ಮಹಡಿ ಹತ್ತಿದರು. ಆ ಮನೆಯಿಂದ ಚಹಾ ಕುಡಿಯದೆ ಇಳಿದವರನ್ನು ನಾನು ಕಂಡಿಲ್ಲ. ಅರ್ಧ ತಾಸಿನ ಮೇಲೆ ಬಂದು ಫೈಲ್ ಹಾಕಿದರೆ ಅದು ಬೇರೆ ಕಾರ್ಡಿನದು. ಮತ್ತೆ ಹೋದರು, ಮತ್ತೆ ಚಹಾ. ಈ ಸಲ ಫೈಲ್ ಸರಿಯಿತ್ತು, ಆದರೆ ಅದನ್ನು ಬಿಚ್ಚಲು ಇನ್ನೊಂದು ಫೈಲ್ ಬೇಕಂತೆ. ಅದರ ಉದ್ದನೆಯ ಹೆಸರು, ನಂಬರು ಎಲ್ಲವನ್ನೂ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡರು. ಪರೀಕ್ಷೆಯಲ್ಲಿ ಹೀಗೆ ಬರೆದುಕೊಂಡ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುವ ಮಾಸ್ತರರು!

ಮಧ್ಯಾಹ್ನವಾಗಿತ್ತು. ಊಟ ಮಾಡದೆ ಹೋಗಬಾರದೆಂದು ಭಾಭಿ ತಾಟು ಇಟ್ಟರಂತೆ. ಇವರು ಕೈತೊಳೆದು ಕುಳಿತು, ಉಂಡು, ಕಂಪ್ಯೂಟರಿನ ಮುಂದೆ ಅಂಗೈ ಬಿಡಿಸಿದರೆ ಬರೀ ನೀಲಿ ಮಚ್ಚೆ. ಮತ್ತೆ ಇಳಿದು ಬಂದರು.

"ನಿಮ್ಮನ್ನ ಬೆಂಚಿನ ಮ್ಯಾಲ ಯಾರು ನಿಲ್ಲಸಬೇಕ್ರಿ?" ಎಂದೆ.

ಅವರು ಈ ಸಲ ಹಾಲಿನವನ ಕಾರ್ಡಿನ ಹಿಂದೆ ಬರೆದುಕೊಂಡು ಮತ್ತೆ ಮಹಡಿ ಹತ್ತಿದರು.

ಲ್ಯಾಪ್‌ಟಾಪಿನಲ್ಲಿ ವೈರ್‌ಲೆಸ್‌ನ ನೀಲಿ ದೀಪ ಹೊತ್ತಿಕೊಂಡಾಗ ಮೂರೂವರೆ. ಸೊಲ್ಲಾಪುರದಿಂದ ಫೋನ್ ಮೇಲೆ ಫೋನ್. ಆದರೆ ಪಡಸಾಲೆಯಲ್ಲಿ ಸಿಗ್ನಲ್ ಇಲ್ಲ. ಯಜಮಾನರು ಲ್ಯಾಪ್‌ಟಾಪನ್ನು ಆರತಿ ತಟ್ಟೆಯಂತೆ ಹಿಡಿದು ಮನೆಯೆಲ್ಲ ತಿರುಗಿದರು. ಅಡುಗೆಮನೆಯಲ್ಲಿ ಇಲ್ಲ, ದೇವರ ಜಗಲಿಯ ಮುಂದೆಯೂ ಇಲ್ಲ. ಸಿಕ್ಕದ್ದು ಬಚ್ಚಲ ಬಾಗಿಲಲ್ಲಿ. ನನ್ನನ್ನು ಕುರ್ಚಿ ಸಮೇತ ಅಲ್ಲಿಗೆ ಎಳೆದರು. ಗುದ್ದಲು ಬೇರೆ ಹೆಂಗಸರನ್ನು ಕರೆಯಲು ಹೊತ್ತಿಲ್ಲದ್ದರಿಂದ ಭಾಭಿ ಒಬ್ಬರೇ ಸೆರಗು ಸಿಕ್ಕಿಸಿಕೊಂಡು ಬಂದರು.

ಪರದೆಯ ತುಂಬ ಮೊದಲು ಕಂಡದ್ದು ತಮ್ಮನ ಅತ್ತೆಯವರ ಮೂಗು. ಅದು ಸರಿದ ಮೇಲೆ ತೊಟ್ಟಿಲು, ತೊಟ್ಟಿಲಲ್ಲಿ ಕೆಂಪಗೆ ಅಳುವ ಕೂಸು. ತಮ್ಮ ತನ್ನ ಲ್ಯಾಪ್‌ಟಾಪನ್ನು ಕೂಸಿನ ಕಿವಿಗೆ ಹಿಡಿದ. "ಕುರ್ರ್" ಎಂದು ಹೆಸರು ಹೇಳಿದೆ. ಭಾಭಿ ಧಡ್ಡನೆ ಗುದ್ದಿದರು.

"ಕಾಣಲಿಲ್ರಿ!" ಎಂದರು ಅತ್ತೆಯವರು. "ಕೈ ಎತ್ತಿದ್ದು ಕಂಡಿತು. ಚಿತ್ರ ಅಲ್ಲೇ ನಿಂತೈತಿ. ಕೈ ಬೀಳವಲ್ದು."

ಎರಡನೆಯದು ಬಿತ್ತು. ಅದೂ ಕಾಣಲಿಲ್ಲ. ಮೂರನೆಯದಕ್ಕೆ ಚಿಕ್ಕಪ್ಪನ ಮಗಳು ಸೀರೆ ಸರಿಪಡಿಸಿಕೊಂಡು ಎದ್ದು ನಿಂತದ್ದು ಮಾತ್ರ ನನಗೆ ಸ್ಪಷ್ಟ ಕಂಡಿತು.

"ಸಿಗ್ನಲ್ ಕಡಿಮಿ ಐತ್ರಿ ಭಾಭಿ, ಸಾವಕಾಶ ಗುದ್ರಿ," ಎಂದರು ಯಜಮಾನರು.

"ಸಾವಕಾಶ ಗುದ್ದಿದ್ರ ಗುದ್ದು ಅಂತಾರೇನ್ರಿ ಮಾಸ್ತರ್ರ? ಬೆನ್ನ ತಿಕ್ಕೂದು ಅಂತಾರ. ಹೆಂಗೂ ಬಚ್ಚಲಾ ಮುಂದನ ಐತಿ, ನೀರ ಹಾಕ್ಲ್ಯಾ?"

"ಹೊಡೀರಿ ಭಾಭಿ," ಎಂದೆ ನಾನು, "ಆಕಿ ಎದ್ದು ನಿಂತಾಳ!"

ನಾಲ್ಕನೆಯ ಗುದ್ದಿಗೆ ನಾನು ಲ್ಯಾಪ್‌ಟಾಪಿನ ಮೇಲೆ ಮುಗ್ಗರಿಸಿದೆ. ಆಚೆಯಿಂದ ಇಪ್ಪತ್ತು ಹೆಂಗಸರು ಒಂದೇ ದನಿಯಲ್ಲಿ "ಬಿತ್ತು! ಬಿತ್ತು!" ಎಂದು ಕೂಗಿದರು. ಚಿಕ್ಕಪ್ಪನ ಮಗಳು ಕುಳಿತಳು. ನಾಲ್ಕಕ್ಕೆ ಎರಡು ನಿಮಿಷ ಬಾಕಿ ಇತ್ತು.

ಸಂಜೆ ಭಾಭಿ ಬೆನ್ನಿಗೆ ಎಣ್ಣೆ ಹಚ್ಚಿದರು. ರಾತ್ರಿ ಅವರು ಕೊಟ್ಟ ಬಿಸಿ ರೊಟ್ಟಿ, ಯಜಮಾನರು ಮಾಡಿದ ಉಪ್ಪು ಹೆಚ್ಚಾದ ಪುಂಡಿಪಲ್ಯ, ಮೇಲೆ ಒಂದು ಚಮಚ ಶೀರಾ. ಬೆನ್ನು ಹಚ್ಚಿ ಮಲಗಲು ಬರುವಂತಿರಲಿಲ್ಲ, ಬೋರಲಾಗಲು ಕಾಲು ಬಿಡಲಿಲ್ಲ. ಯಜಮಾನರು ಮೊದಲು ಮಲಗಿದರು. ನಾನು ಗೋಡೆಗೆ ದಿಂಬು ಇಟ್ಟು, ಕೂಸಿನ ಹೆಸರನ್ನು ಇನ್ನೆರಡು ಸಲ ಬಾಯಲ್ಲಿ ಅಂದುಕೊಂಡು, ಕುಳಿತಲ್ಲೇ ನಿದ್ದೆ ಹೋದೆ.