ಕ್ಯಾತಪ್ಪನ ರೆಪ್ಪೆ

ಕೊಡಿಗೇನಹಳ್ಳಿ ಸೀಮೆಯ ಕುರಿಗಾಹಿ ಕ್ಯಾತಪ್ಪ ರೆಪ್ಪೆ ಮಿಟುಕಿಸುವುದಿಲ್ಲ ಎಂಬ ಕೀರ್ತಿ ಹಿಂದೂಪುರದ ಸಂತೆಯವರೆಗೂ ಹಬ್ಬಿತ್ತು. ಆಷಾಢದ ಗಾಳಿ ಅವನ ಕಣ್ಣಿಗೆ ದೂಳು ತೂರಿ ತೂರಿ ಸುಸ್ತಾಗಿ, ಮಧುಗಿರಿ ಬೆಟ್ಟದ ಆಚೆಗೆ ಹೊರಟೇಹೋಯಿತಂತೆ. ಈ ಕೀರ್ತಿಯಲ್ಲಿ ಅರ್ಧ ನಮ್ಮೂರ ಟೀ ಅಂಗಡಿಯ ತಯಾರಿಕೆ. ಉಳಿದರ್ಧ ನಿಜ. ಸಂಜೆ ರೊಪ್ಪದ ಬಾಗಿಲಲ್ಲಿ ಕುರಿ ಎಣಿಸಿ ಒಳಗೆ ಬಿಡುವಾಗ ಅವನು ರೆಪ್ಪೆ ಹೊಡೆದದ್ದನ್ನು ನಾನಂತೂ ಕಂಡಿಲ್ಲ.

ಎಡಗಣ್ಣು ಚಿಕ್ಕಂದಿನಲ್ಲೇ ಜಾಲಿಮುಳ್ಳಿಗೆ ಹೋಗಿತ್ತು. ರಾಜ್ಯಭಾರವೆಲ್ಲ ಬಲಗಣ್ಣಿನದು. ಕೆರೆಯಂಗಳದಲ್ಲಿ ನಾಲ್ಕು ಮಂದೆ ಬೆರೆತರೂ ಮುಖ ನೋಡಿಯೇ ಬೇರ್ಪಡಿಸುತ್ತಿದ್ದ. ಅವನ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಅಂಥವನು 1984ರಲ್ಲಿ ಒಂದು ದಿನ ರಂಗಯ್ಯನ ಕುರಿಯನ್ನು ತನ್ನದೆಂದು ಹೊಡೆದುಕೊಂಡು ಬಂದ.

"ಯಾಕ್ ಕ್ಯಾತಣ್ಣ, ನನ್ ಕುರಿ ಮ್ಯಾಲೆ ಮನಸಾತಾ?" ಎಂದು ರಂಗಯ್ಯ ನಕ್ಕ.

ಕ್ಯಾತಪ್ಪ ನಗಲಿಲ್ಲ. "ಮೈಯೆಲ್ಲ ಕಾಣ್ತದೆ, ಮಕ ಇರೋ ತಾವ ಮಸಿ ಬಳ್ದಂಗೈತೆ" ಎಂದು ಹೆಂಡತಿ ಗಿರಿಯಮ್ಮನಿಗೆ ಮಾತ್ರ ಹೇಳಿದ. ಕುರಿಯ ಮುಖವೇ ಕಾಣದ ಮೇಲೆ ತಾನು ಎಂಥ ಕುರಿಗಾಹಿ ಎಂಬುದು ಅವನ ಚಿಂತೆ.

ಗಿರಿಯಮ್ಮ ಊರ ಶಾಲೆಯ ಮೇಷ್ಟ್ರಾದ ನನ್ನನ್ನು ಜೊತೆ ಮಾಡಿ ಬೆಂಗಳೂರಿನ ಕಣ್ಣಾಸ್ಪತ್ರೆಗೆ ಕಳಿಸಿದಳು. ಡಾಕ್ಟರಮ್ಮ ವಿವರಿಸಿದರು: ತೋಳಿನ ನರಕ್ಕೆ ಚುಚ್ಚಿದ ಹಳದಿ ಔಷಧ ಕೆಲವೇ ಸೆಕೆಂಡಿನಲ್ಲಿ ಕಣ್ಣಿನ ಹಿಂಪರದೆಗೆ ಬರುತ್ತದೆ, ನೀಲಿ ಬೆಳಕಿಗೆ ಹೊಳೆಯುತ್ತದೆ, ಅದು ರಕ್ತನಾಳಗಳಲ್ಲಿ ಓಡುತ್ತಿರುವಾಗಲೇ ಸೆಕೆಂಡಿಗೊಂದು ಫೋಟೋ ತೆಗೆಯಬೇಕು. ರೆಪ್ಪೆ ಬಿದ್ದರೆ ಆ ಗಳಿಗೆ ಹೋಯಿತು. ಕ್ಯಾಮೆರಾದ ಕದಿರಯ್ಯ ಹತ್ತಿರ ಬಂದು ಕ್ಯಾತಪ್ಪನ ಕಿವಿಯಲ್ಲಿ ಏನೋ ಹೇಳಿದ.

ಸಮರ ಶುರುವಾಯಿತು. ಚಟ್, ಚಟ್ ಎಂದು ಮಿಂಚಿನ ಮೇಲೆ ಮಿಂಚು. ಕದಿರಯ್ಯ ಬೆವರಿದ. ಕ್ಯಾತಪ್ಪನ ರೆಪ್ಪೆ ಕದಲಲಿಲ್ಲ.

ಸ್ವಲ್ಪ ಹೊತ್ತಿಗೆ ತನ್ನ ಅಂಗೈ ಹಳದಿಯಾದದ್ದನ್ನು ಕಂಡು ಅವನು ತಲೆದೂಗಿದ. "ಎಣಿಸಿದ ಕುರಿಗೆ ನಾವು ಕೆಮ್ಮಣ್ಣು ಬಳಿಯಲ್ವಾ ಮೇಷ್ಟ್ರೇ, ಅಂಗೆ. ಕಣ್ಣು ನೋಡಿ ಆದೋರು ಬೆರಕೆ ಆಗ್ದಂಗೆ ಗುರ್ತು ಆಕವ್ರೆ."

"ನಾಳೆಗೆ ಹೋಗಿಬಿಡುತ್ತೆ ಕ್ಯಾತಪ್ಪನವರೇ" ಎಂದರು ಡಾಕ್ಟರಮ್ಮ.

"ಅಂಗಾರೆ ಕಳಪೆ ಬಣ್ಣ ಕಣಮ್ಮ."

ಫಿಲ್ಮ್ ತೊಳೆದು ಬಂತು. ಕಪ್ಪು ನೆಲದಲ್ಲಿ ಬಿಳಿ ಕವಲುಗಳಂತೆ ನಾಳಗಳು. ಒಂದು ಕಡೆ ಮಾತ್ರ ಬಿಳುಪು ಚಿತ್ರದಿಂದ ಚಿತ್ರಕ್ಕೆ ಹರಡುತ್ತಿತ್ತು. ಪರದೆಯ ಕೆಳಗೆ ಬೇಡದ ನಾಳ ಬೆಳೆದು ಸೋರುತ್ತಿದೆ ಎಂದರು.

"ಕೆರೆ ಏರಿ ತೂತು ಬಿದ್ದಂಗೆ" ಎಂದ ಕ್ಯಾತಪ್ಪ.

"ಹಾಗೇ. ನೋಟದ ನಟ್ಟನಡುವೆ ಇದ್ದಿದ್ದರೆ ಮುಟ್ಟುವ ಹಾಗಿರಲಿಲ್ಲ. ಕೂದಲೆಳೆಯಷ್ಟು ಪಕ್ಕಕ್ಕಿದೆ. ಚಿತ್ರ ಇಷ್ಟು ಚೆನ್ನಾಗಿ ಬರದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ."

ಲೇಸರ್ ಬೆಳಕಿನಿಂದ ಆ ತೂತನ್ನು ಮುಚ್ಚಿದರು. ಪಕ್ಕದಲ್ಲೊಂದು ಸಣ್ಣ ಮಬ್ಬು ಉಳಿಯಿತು. ಆದರೆ ಮೂರು ತಿಂಗಳಿಗೆ ಕೆರೆಯಂಗಳದಲ್ಲಿ ಕ್ಯಾತಪ್ಪ ಮಂದೆಯ ನಡುವಿನಿಂದ ಒಂದು ಕುರಿಯ ಕಿವಿ ಹಿಡಿದೆಳೆದು, "ತಗಳ್ಲಾ ರಂಗ, ಇದು ನಿಂದು" ಎಂದ. ಅದು ರಂಗಯ್ಯನದೇ.

ಅಂದು ಟೀ ಅಂಗಡಿಯಲ್ಲಿ ನಾನು ಆಸ್ಪತ್ರೆಯ ಸಮರವನ್ನು ಒಂದಕ್ಕೆ ನಾಲ್ಕು ಸೇರಿಸಿ ಬಣ್ಣಿಸಿ, ಕೊನೆಗೆ ಅವನನ್ನೇ ಕೇಳಿದೆ: "ಅದೆಂಥಾ ತಪಸ್ಸು ಕ್ಯಾತಣ್ಣ ನಿನ್ನದು?"

"ರೆಪ್ಪೆ ಹೊಡುದ್ರೆ ಇನ್ನೊಂದ್ ದಪ ಚುಚ್ತೀವಿ ಅಂದಿದ್ದ ಆ ಕದಿರಯ್ಯ" ಎಂದ ಕ್ಯಾತಪ್ಪ. "ನಂಗೆ ಸೂಜಿ ಅಂದ್ರೆ ಭಯ ಮೇಷ್ಟ್ರೇ."