ಹೋಗುವ ದಾರಿ ಮಾತ್ರ ಬರೆದ ಕಚೇರಿ

ಹೊಸಹಳ್ಳಿ ಕಡೆಯ ಕೂಲಿ ಹೆಣ್ಣುಮಗಳೊಬ್ಬಳ ಮಗಳಿಗೆ ಕೂಡ್ಲಿಗಿಯಲ್ಲಿ ಕಾಲೇಜು ಹಾಸ್ಟೆಲ್ ಇನ್ನೂ ಸಿಕ್ಕಿಲ್ಲ. ತಪ್ಪು ತಾಯಿಯದಲ್ಲ, ಮಗಳದೂ ಅಲ್ಲ. ತಾಲ್ಲೂಕು ಕಚೇರಿಯ ಎರಡು ರೌಟರ್‌ಗಳದ್ದೂ ಅಲ್ಲ; ಅವು ಹೇಳಿಕೊಟ್ಟಷ್ಟನ್ನೇ ಮಾಡಿದವು.

ಆ ಹುಡುಗಿ ನಾನು ಕಂಪ್ಯೂಟರ್ ಕಲಿಸುವ ಕೇಂದ್ರದ ವಿದ್ಯಾರ್ಥಿನಿ. ಅವಳ ಆದಾಯ ಪ್ರಮಾಣಪತ್ರಕ್ಕಾಗಿ ತಾಯಿ ಮೂರನೆಯ ದಿನವೂ ಕೆಲಸ ಬಿಟ್ಟು ಬಂದಾಗ ನಾನೂ ಜೊತೆಗೆ ಹೋದೆ. ಹಾಸ್ಟೆಲ್ ಅರ್ಜಿಗೆ ಮರುದಿನವೇ ಕೊನೆ.

"ಸರ್ವರ್ ಇಲ್ಲ ಯವ್ವಾ, ನಾಳಿ ಬಾ," ಎಂದರು ಕೌಂಟರಿನ ಗುಮಾಸ್ತರು.

"ನಿನ್ನಿ, ಮೊನ್ನಿನೂ ಇದನ್ನ ಅಂದ್ರಲ್ರಿ. ನಿಮ್ಮ ನಾಳಿ ಯಾವ ವಾರದಾಗ ಬರತೈತಿ, ಅದನ್ನರ ಹೇಳಿಬಿಡ್ರಿ."

ಸಾಲಿನಲ್ಲಿದ್ದವರು ನಕ್ಕರು. ನಾನು ಕಂಪ್ಯೂಟರ್ ಕಲಿಸುವವಳೆಂದು ಗೊತ್ತಿದ್ದ ಗುಮಾಸ್ತರು ನನ್ನನ್ನು ಒಳಗೆ ಕರೆದರು.

ಕೌಂಟರ್ ಹಳೆಯ ಕಟ್ಟಡದಲ್ಲಿ, ದಾಖಲೆಗಳ ಕಂಪ್ಯೂಟರ್ ಅಂಗಳದಾಚೆಯ ಹೊಸ ಕಟ್ಟಡದಲ್ಲಿ. ಎರಡಕ್ಕೂ ಮಾಹಿತಿಗೆ ದಾರಿ ತೋರುವ ಒಂದೊಂದು ಪೆಟ್ಟಿಗೆ, ಅಂದರೆ ರೌಟರ್, ನಡುವೆ ಒಂದು ಕೇಬಲ್. ಒಂದು ಕಟ್ಟಡದ ಜಾಲದಿಂದ ಇನ್ನೊಂದರ ಜಾಲಕ್ಕೆ ಯಾವ ದಾರಿಯೆಂದು ಎರಡೂ ರೌಟರ್‌ಗಳಲ್ಲಿ ಕೈಯಾರೆ ಬರೆಯಬೇಕು. ಅದನ್ನು ಸ್ಟ್ಯಾಟಿಕ್ ರೂಟ್ ಎನ್ನುತ್ತಾರೆ. ಪ್ರತಿ ಪೆಟ್ಟಿಗೆಗೂ ಗುತ್ತಿಗೆದಾರರು ವಿವರದ ಹಾಳೆ ಅಂಟಿಸಿದ್ದರು. ಹಳೆಯ ಕಟ್ಟಡದ ಹಾಳೆಯಲ್ಲಿ ಆ ದಾರಿ ಇತ್ತು, ಹೊಸದರಲ್ಲಿ ಇರಲಿಲ್ಲ. ಕೌಂಟರಿನ ಪ್ರಶ್ನೆ ಅಂಗಳ ದಾಟಿ ತಲುಪುತ್ತಿತ್ತು; ಉತ್ತರ ಮಾತ್ರ ಮರಳುವ ದಾರಿ ತಿಳಿಯದೆ ಹೊರಗಿನ ಇಂಟರ್ನೆಟ್ ಲೈನು ಹಿಡಿದು ಕಳೆದುಹೋಗುತ್ತಿತ್ತು. ಅಂಗಳವೋ ಇಪ್ಪತ್ತು ಹೆಜ್ಜೆ.

ಹೊಸ ಕಟ್ಟಡದ ಉದ್ಘಾಟನೆ ಆಗಷ್ಟೇ ಆಗಿತ್ತು; ಆ ದಿನ ಇದು ಯಾಕೆ ಕಾಣಲಿಲ್ಲ? ಪೆಂಡಾಲು ಹೊಸ ಕಟ್ಟಡದ ಮುಂದಿತ್ತು, ಆದ್ದರಿಂದ ಪರೀಕ್ಷೆಯೂ ಅಲ್ಲಿಯೇ ನಡೆಯಿತು. ರೌಟರಿಗೆ ಮಾಲೆ ಹಾಕಿ, ಊದಿನಕಡ್ಡಿ ಬೆಳಗಿ, ಪಕ್ಕದ ಮೇಜಿನ ಪ್ರಿಂಟರಿನಿಂದ ಪ್ರಮಾಣಪತ್ರವೊಂದನ್ನು ತೆಗೆದು ಗಣ್ಯರ ಕೈಗಿತ್ತರು. ಗಣ್ಯರಿಗೆ ಅದರ ಅಗತ್ಯವಿರಲಿಲ್ಲ. ಕೌಂಟರಿನಿಂದಲೂ ಒಮ್ಮೆ ನೋಡೋಣವೆಂದು ಯಾರಿಗೂ ಹೊಳೆಯಲಿಲ್ಲ; ಅಲ್ಲಿ ಕುರ್ಚಿ ಹಾಕಿರಲಿಲ್ಲ. ಮೇಜು, ಪ್ರಿಂಟರ್ ಎರಡೂ ಮರುದಿನ ಪೆಂಡಾಲಿನೊಂದಿಗೇ ವಾಪಸಾದವು.

"ನಮ್ಮ ಕಟ್ಟಡದ ದಾರಿ ನಾವು ಬರದೀವ್ರಿ ಮೇಡಂ," ಎಂದರು ಹಳೆಯ ಕಟ್ಟಡದ ಅಧಿಕಾರಿ. "ಆ ಕಟ್ಟಡ ಬ್ಯಾರೆ ವಿಭಾಗದ್ದು."

ಹೊಸ ಕಟ್ಟಡದ ಅಧಿಕಾರಿಯ ಬಳಿಗೆ ಹೋದೆವು. "ಪಾಸ್‌ವರ್ಡ್ ಹರಪನಹಳ್ಳಿಗೆ ವರ್ಗ ಆದವರ ಹತ್ರ ಐತ್ರಿ. ಫೋನಿನಾಗ ಕೇಳಂಗಿಲ್ಲ. ಆನ್‌ಲೈನ್ ಪತ್ರ ದಾಖಲೆ ಕಂಪ್ಯೂಟರ್ ಮೂಲಕ ಹೋಗಬೇಕು."

"ಎಲ್ಲಿಂದ ಕಳಿಸತೀರಿ?" ಎಂದೆ ನಾನು.

"ಕೌಂಟರಿಂದರಿ."

ತಾಯಿ ಸೆರಗು ಬಿಗಿದುಕೊಂಡಳು. "ಈ ಅಂಗಳ ದಾಟಾಕ ಇಷ್ಟು ಪತ್ರ ಬೇಕೇನ್ರಿ ಸಾಹೇಬ್ರ? ನನ್ನ ಕೈಯಾಗ ಕೊಡ್ರಿ, ನಾನ ಹೊತ್ಕೊಂಡು ಹೊಕ್ಕೀನಿ."

ಕೊನೆಗೆ ಕಾಗದದ ಪತ್ರವೇ ಹೋಗಿ ಪಾಸ್‌ವರ್ಡ್ ಬಂದು, ಎಂಟನೆಯ ದಿನ ಹೊಸ ರೌಟರಿನಲ್ಲಿ ಮರಳುವ ದಾರಿಯ ಒಂದೇ ಒಂದು ಸಾಲು ಬರೆದರು. ಪ್ರಮಾಣಪತ್ರ ಬಂತು. 'ಅರ್ಜಿದಾರರು ತಡವಾಗಿ ಸಲ್ಲಿಸಿದ್ದಾರೆ' ಎಂಬ ಷರಾದೊಂದಿಗೆ ಹಾಸ್ಟೆಲಿನವರು ಅರ್ಜಿ ಮರಳಿಸಿದರು. ಕಾಯುವ ಪಟ್ಟಿ ಮಾತ್ರ ಸೋಮವಾರದವರೆಗೆ ತೆರೆದಿದೆ.

ಎರಡೂ ವಿಭಾಗಗಳ ಅಧಿಕಾರಿಗಳೇ, ತಡವಾದದ್ದು ನಿಮ್ಮಿಂದ, ಅರ್ಜಿದಾರಳಿಂದಲ್ಲ ಎಂದು ಒಂದೇ ಹಾಳೆಯಲ್ಲಿ ಇಬ್ಬರೂ ಸಹಿ ಮಾಡಿ. ಸೋಮವಾರದೊಳಗೆ ಅದನ್ನು ನೀವೇ ಕೈಯಲ್ಲಿ ಒಯ್ದು ಹಾಸ್ಟೆಲಿಗೆ ಕೊಡಿ. ಉತ್ತರ ಪಡೆದುಕೊಂಡೇ ಬನ್ನಿ.