ಹನ್ನೆರಡನೆಯ ಬಲಗಾಲು

ಮನುಕುಲವನ್ನು ಕಾಡುವ ಗಂಭೀರ ಸಮಸ್ಯೆಗಳ ಪಟ್ಟಿಗೆ ಹಿಮ್ಮಡಿಯ ಬಿರುಕನ್ನು ಇನ್ನೂ ಯಾರೂ ಸೇರಿಸಿದಂತಿಲ್ಲ. ಆ ಲೋಪವನ್ನು ಇಲ್ಲಿ ಸರಿಪಡಿಸಬೇಕಾಗಿದೆ. ಪವಿತ್ರ ಗುರುವಾರದ ಸಂಜೆ ಚರ್ಚಿನಲ್ಲಿ ಫಾದರ್ ಮಂಡಿಯೂರಿ ಹನ್ನೆರಡು ಜನರ ಬಲಗಾಲು ತೊಳೆಯುತ್ತಾರೆ, ಒರೆಸುತ್ತಾರೆ, ಬಗ್ಗಿ ಮುತ್ತಿಡುತ್ತಾರೆ. ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ, ದೊಡ್ಡವನು ಸಣ್ಣವನಾಗಬೇಕೆಂಬ ಪಾಠಕ್ಕೆ ನಡೆಯುವ ವಿಧಿ ಅದು. ನೋಡುವವರು ಕಣ್ಣೊರೆಸಿಕೊಳ್ಳುತ್ತಾರೆ. ಆದರೆ ಮುತ್ತಿಡಿಸಿಕೊಳ್ಳುವ ಕಾಲುಗಳು ಯಾವ ಸ್ಥಿತಿಯಲ್ಲಿರಬೇಕು? ದೀನತೆಗೂ ಒಂದು ಮಿತಿ ಬೇಡವೇ? ಈ ಪ್ರಶ್ನೆಯನ್ನು ಮೂವತ್ತು ವರ್ಷಗಳಿಂದ ಒಬ್ಬರೇ ಒಬ್ಬರು ಬಗೆಹರಿಸುತ್ತಾ ಬಂದಿದ್ದಾರೆ.

ಇದು ಮೂವತ್ತೊಂದನೆಯ ವರ್ಷ. ಬೆಳಗಿನ ಐದೂವರೆ. ಚರ್ಚಿನ ಹಿಂದಿನ ನಲ್ಲಿಯ ಪಕ್ಕ ಒಂದು ಮುರುಕು ಬೆಂಚು, ಬಿಸಿನೀರಿನ ಎರಡು ಬಕೆಟ್ಟು, ಒಂದು ಬೇಸಿನ್ನು, ಸವೆದು ಅಂಗೈಯಷ್ಟಾದ ಉಜ್ಜುಕಲ್ಲು, ಉಗುರು ಕತ್ತರಿ. ಬೆಂಚಿನ ಎದುರು ಗೋಣಿಚೀಲದ ಮೇಲೆ ಚರ್ಚಿನ ಕೆಲಸದವರು ಕೂತಿದ್ದಾರೆ. ವಯಸ್ಸು ಐವತ್ತೇಳು. ಎಡಗಾಲು ಮಡಿಸಿದ್ದಾರೆ, ಬಟ್ಟೆ ಸುತ್ತಿದ ಬಲಗಾಲನ್ನು ಬೇರೆ ಯಾರದೋ ಸಾಮಾನಿನ ಹಾಗೆ ಪಕ್ಕಕ್ಕೆ ಚಾಚಿಟ್ಟಿದ್ದಾರೆ. ಎಲ್ಲರೂ ಅವರನ್ನು ಹಿಮ್ಮಡಿ ಮೇಷ್ಟ್ರು ಎನ್ನುತ್ತಾರೆ. ಓದಿದ್ದು ನಾಲ್ಕನೇ ಕ್ಲಾಸು.

ಬೆಂಚಿನ ಮೇಲೆ ಚರ್ಚ್ ಸಮಿತಿಯ ಕಾರ್ಯದರ್ಶಿಗಳು ಪ್ಯಾಂಟು ಮಡಿಸಿಕೊಂಡು ಕೂತು ಹಲ್ಲು ಕಚ್ಚುತ್ತಿದ್ದಾರೆ.

"ಮೆಲ್ಲಗೆ ಮೇಷ್ಟ್ರೇ, ಚರ್ಮ ನನ್ನದು."

"ನಿಮ್ಮದೇ ಸಾರ್. ಅದಕ್ಕೇ ಇಷ್ಟು ದಪ್ಪ."

ಒಂದು ಕಾಲಿಗೆ ಹತ್ತು ನಿಮಿಷ. ಮೊದಲು ನೆನೆಸುವುದು, ಆಮೇಲೆ ಹಿಮ್ಮಡಿ, ಆಮೇಲೆ ಬೆರಳ ಸಂದಿ, ಕೊನೆಗೆ ಉಗುರು. ಎಡಗಾಲನ್ನು ಅವರು ಮುಟ್ಟುವುದಿಲ್ಲ, ವಿಧಿಯಲ್ಲಿ ಅದಕ್ಕೆ ಪಾತ್ರವಿಲ್ಲ. ಹೀಗಾಗಿ ಪ್ರತಿವರ್ಷ ಹನ್ನೆರಡು ಜನ ಒಂದು ಕಾಲು ಮಗುವಿನದು, ಇನ್ನೊಂದು ಕಾಲು ತಮ್ಮದು ಎಂಬಂತೆ ಮನೆಗೆ ಹೋಗುತ್ತಾರೆ.

ಈ ಕೆಲಸ ಹುಟ್ಟಿದ್ದು ಒಂದು ಮೀಸೆಯಿಂದ. ಮೇಷ್ಟ್ರು ಕಸ ಗುಡಿಸಲು ಸೇರಿದ ವರ್ಷ ಲಾರಿ ಮೆಕ್ಯಾನಿಕ್ ಒಬ್ಬ ಗ್ಯಾರೇಜಿನಿಂದ ನೇರವಾಗಿ ಬಂದು ಕುರ್ಚಿಯಲ್ಲಿ ಕೂತಿದ್ದ. ಆಗಿನ ಫಾದರ್ ತೊಳೆದರು, ಒರೆಸಿದರು, ಮುತ್ತಿಟ್ಟು ಮೇಲೆದ್ದರು. ತುಟಿಯ ಮೇಲೆ ಕಪ್ಪು ಗ್ರೀಸಿನ ಮೀಸೆ. ಆ ಮೀಸೆಯಲ್ಲೇ ದೀನತೆಯ ಬಗ್ಗೆ ಅರ್ಧ ಗಂಟೆ ಪ್ರಸಂಗ ಮಾಡಿದರು. ಮರುವರ್ಷ, "ಮೊದಲೇ ಸ್ವಲ್ಪ ನೋಡ್ಕೊಳ್ಳಪ್ಪ" ಎಂದರು. ಅಂದಿನಿಂದ ಮುನ್ನೂರ ಅರವತ್ತು ಬಲಗಾಲು. ಉಳಿದ ದಿನಗಳಲ್ಲಿ ನಲವತ್ತಾರು ಬೆಂಚು ಒರೆಸುವುದು, ನೆಲ ತೊಳೆಯುವುದು, ಮೇಣ ಕೆರೆಯುವುದು. ಎಲ್ಲವೂ ಬರಿಗಾಲಲ್ಲಿ.

ಕೇಡು ಬಂದದ್ದು ಅಲ್ಲಿಂದಲೇ. ಸಕ್ಕರೆ ಕಾಯಿಲೆಯವರ ಕಾಲಿಗೆ ಚುಚ್ಚಿದ್ದು ತಿಳಿಯುವುದಿಲ್ಲ. ಎಂಟು ತಿಂಗಳ ಹಿಂದೆ ನೆಲ ತೊಳೆಯುವಾಗ ಹೊಕ್ಕ ಗಾಜಿನ ಚೂರು ಹೆಂಡತಿಯ ಕಣ್ಣಿಗೆ ಬೀಳುವಷ್ಟರಲ್ಲಿ ವಾರವಾಗಿತ್ತು. ಹೊಸ ವರ್ಷದ ಹೊತ್ತಿಗೆ ಡಾಕ್ಟರು, ಎರಡು ಬೆರಳು ತೆಗೆದರೆ ಸಾಕು, ತಕ್ಷಣ ಬನ್ನಿ ಎಂದರು. ಮೇಷ್ಟ್ರು ಹೋಗಲಿಲ್ಲ.

"ಹೋದ್ರೆ ಮೂರು ತಿಂಗಳು ಮಲಗಿಸ್ತಾರೆ. ಗುರುವಾರದ ಕಾಲುಗಳನ್ನ ಯಾರು ನೋಡ್ತಾರೆ?"

ಅವರ ಹೆಂಡತಿಯ ಪ್ರಕಾರ ವಿಷಯ ಇನ್ನೂ ಸರಳ. "ದೇವರು ಇಡೀ ಲೋಕಾನ ಆರು ದಿನದಲ್ಲಿ ಇವರ ಸಹಾಯ ಇಲ್ದೆ ಮಾಡಿ ಮುಗಿಸಿದ. ಹನ್ನೆರಡು ಹಿಮ್ಮಡಿಗೆ ಮಾತ್ರ ಇವರೇ ಆಗಬೇಕು."

ಎರಡು ಬೆರಳು ಈಗ ಮೊಣಕಾಲಿನ ಕೆಳಗಿನವರೆಗೆ ಬಂದಿದೆ. ಆಪರೇಷನ್ನು ಬರುವ ಸೋಮವಾರಕ್ಕೆ ಗೊತ್ತಾಗಿದೆ.

ನಡುವೆ ಹುಣ್ಣಿನಿಂದ ಬಿಡುಗಡೆಗೆ ಪ್ರಯತ್ನ ನಡೆಯಲಿಲ್ಲ ಎಂದಲ್ಲ. ಬೈಬಲಿನ ನಾಮಾನ ಎಂಬ ಸೇನಾಪತಿಯ ಕತೆಯನ್ನು ಮೇಷ್ಟ್ರು ಕಾಲು ಉಜ್ಜುತ್ತಲೇ ಹೇಳುತ್ತಾರೆ. "ಮೈಯೆಲ್ಲ ಕುಷ್ಠ. ಪ್ರವಾದಿ ಹತ್ರ ಹೋದ್ರೆ ಆತ ಹೊರಗೂ ಬರ್ಲಿಲ್ಲ, ಹೊಳೇಲಿ ಏಳು ಸಲ ಮುಳುಗು ಅಂತ ಆಳಿನ ಕೈಲಿ ಹೇಳಿ ಕಳಿಸ್ದ. ಸೇನಾಪತಿಗೆ ಸಿಟ್ಟು, ನಮ್ಮೂರ ಹೊಳೆ ಇದಕ್ಕಿಂತ ಚೆನ್ನಾಗಿದೆ ಅಂತ. ಕೊನೆಗೆ ಆಳುಗಳ ಮಾತು ಕೇಳಿ ಮುಳುಗ್ದ, ಮಗು ಚರ್ಮ ಬಂತು. ನನಗೆ ಅವನಷ್ಟು ಜಂಬಾನೂ ಇರ್ಲಿಲ್ಲ. ನಲ್ಲಿ ನೀರೇ ಸಾಕು ಅಂತ ಬಕೆಟ್ಟಲ್ಲಿ ಏಳು ಸಲ ಇಟ್ಟೆ. ಎಣಿಕೆ ತಪ್ಪಿರ್ಬಹುದು ಅಂತ ಇನ್ನೊಂದೇಳು."

"ಆಮೇಲೆ?" ಎಂದು ಬೆಂಚಿನ ಮೇಲಿದ್ದವರು ಕೇಳುತ್ತಾರೆ.

"ಆಮೇಲೇನು, ಹುಣ್ಣು ನೆನೆದು ದೊಡ್ಡದಾಯ್ತು. ಡಾಕ್ಟರು ಬೈದ್ರು."

ಏಳೂವರೆಗೆ ಹನ್ನೊಂದು ಕಾಲು ಮುಗಿದಿವೆ. ಹನ್ನೆರಡನೆಯದು ಬಡಗಿಯದು. ಅವನಿಗೆ ಜ್ವರ, ಏಳಲಾಗುತ್ತಿಲ್ಲ ಎಂದು ಅವನ ತಂಗಿ ಬಂದು ಹೇಳಿಹೋಗುತ್ತಾಳೆ. ಸುದ್ದಿ ಕೇಳಿ ಫಾದರ್ ಹಿತ್ತಲಿಗೆ ಬರುತ್ತಾರೆ. ಮೇಷ್ಟ್ರಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಬಟ್ಟೆ ಸುತ್ತಿದ ಕಾಲನ್ನು ಒಂದು ಕ್ಷಣ ನೋಡುತ್ತಾರೆ.

"ಈ ಸಲ ನೀವೇ ಕೂತ್ಕೊಳ್ಳಿ."

ಉಜ್ಜುಕಲ್ಲು ತೊಳೆಯುತ್ತಿದ್ದ ಕೈ ನಿಲ್ಲುತ್ತದೆ. ಇದನ್ನು ಕೇಳಲು ಮೇಷ್ಟ್ರು ಮೂವತ್ತು ವರ್ಷ ಕಾದಿದ್ದಾರೆ. ಹೋಗುವ ಕಾಲು, ಹೋಗುವ ಮುಂಚೆ ಒಂದು ಸಲ ಆ ಕುರ್ಚಿಯ ಮುಂದೆ ಇರಲಿ ಎಂಬ ಆಸೆಯನ್ನು ಹೆಂಡತಿಗೆ ಮಾತ್ರ ಹೇಳಿಕೊಂಡಿದ್ದಾರೆ. ಆದರೆ ಬಾಯಿಂದ ಬಂದದ್ದು ಬೇರೆ.

"ಆಗಲ್ಲ ಫಾದರ್. ಹುಣ್ಣಿರೋ ಕಾಲು ಕುರ್ಚಿಗೆ ಬರಂಗಿಲ್ಲ."

"ಯಾರು ಮಾಡಿದ ನಿಯಮ ಅದು?"

"ನಾನೇ."

"ಯೇಸು ಕಾಲು ತೊಳೆಯೋಕೆ ಬಂದಾಗ ಶಿಷ್ಯ ಪೇತ್ರನೂ ಹೀಗೇ ಬೇಡ ಅಂದಿದ್ದ. ನಾನು ತೊಳೀದಿದ್ರೆ ನನ್ನ ಜೊತೆ ನಿನಗೆ ಪಾಲಿಲ್ಲ ಅಂತ ಯೇಸು ಅವನನ್ನ ಬಿಡಲಿಲ್ಲ. ಬೇಡ ಅನ್ನೋದೂ ಒಂದು ಜಂಬವೇ."

"ಪೇತ್ರನ ಕಾಲು ಚೆನ್ನಾಗಿತ್ತು ಫಾದರ್."

ಫಾದರ್ ಒಳಗೆ ಹೋಗುತ್ತಾರೆ. ಮೇಷ್ಟ್ರು ಬೇಸಿನ್ನಿನ ನೀರು ಚೆಲ್ಲುತ್ತಾರೆ. ನಿಯಮದ ಹಿಂದಿನ ಕತೆಯನ್ನು ಆಮೇಲೆ, ಬೆಂಚಿನಲ್ಲಿ ಇನ್ನೂ ಕೂತಿದ್ದ ಹನ್ನೊಂದನೆಯವರಿಗೆ ನೆಲ ನೋಡಿಕೊಂಡು ಹೇಳುತ್ತಾರೆ. ಹನ್ನೊಂದು ವರ್ಷದ ಹಿಂದೆ ಪಟ್ಟಿಯಲ್ಲಿ ಒಬ್ಬ ಕಲ್ಲು ಒಡೆಯುವವನಿದ್ದ. ಪಾದದಲ್ಲಿ ಕೀವು ತುಂಬಿದ ಗಾಯ. "ಮಾಯ್ಲಿ, ಮುಂದಿನ ವರ್ಷ ಬಾ ಅಂದೆ. ಅವನೇನೂ ಅನ್ಲಿಲ್ಲ, ಚಪ್ಪಲಿ ಮೆಟ್ಕೊಂಡು ಹೋದ. ಮಳೆಗಾಲ ದಾಟ್ಲಿಲ್ಲ. ಆ ಕುರ್ಚಿಗೆ ಬ್ಯಾಂಕಿನೋರೊಬ್ರನ್ನ ತಂದು ಕೂರಿಸ್ದೆ. ಒಳ್ಳೇ ಕಾಲು, ಹತ್ತಿ ಇದ್ದಂಗಿತ್ತು. ಈಗ ನನ್ನ ಕಾಲಿಗೆ ಬೇರೆ ನ್ಯಾಯ ಮಾಡಿದ್ರೆ ಅವನ ಮುಖ ಹೆಂಗೆ ನೋಡ್ಲಿ?"

ಮೇಷ್ಟ್ರ ಮನೆ ಒಂದೇ ಕೋಣೆ. ಒಂದು ಮಂಚ, ಒಂದು ಸ್ಟವ್ವು, ಕಿಟಕಿಯಲ್ಲಿ ಔಷಧಿ ಬಾಟಲಿಗಳ ಸಾಲು. ಮಧ್ಯಾಹ್ನ ಹೆಂಡತಿ ಕಾಲಿನ ಪಟ್ಟಿ ಬಿಚ್ಚುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ಕೋಣೆಯಲ್ಲಿ ವಾಸನೆ ಹರಡುತ್ತದೆ. ಇಬ್ಬರಿಗೂ ಅದು ಅಭ್ಯಾಸವಾಗಿದೆ.

"ಅವನನ್ನ ವಾಪಸ್ ಕಳಿಸಿದ್ದು ತಪ್ಪು ಅಂತ ಹನ್ನೊಂದು ವರ್ಷದಿಂದ ಕೊರಗ್ತಿದ್ದೀರಿ. ಈಗ ಅದೇ ತಪ್ಪನ್ನ ಇನ್ನೊಬ್ಬ ರೋಗಿಗೆ ಮಾಡ್ತಿದ್ದೀರಿ. ರೋಗಿ ನೀವೇ ಅನ್ನೋದಷ್ಟೇ ವ್ಯತ್ಯಾಸ."

"ನಾನು ಲಾಯಕ್ಕಿಲ್ಲ ಕಣೇ."

"ಯೂದನ ಕಾಲೂ ತೊಳೆದ್ನಲ್ಲ ಯೇಸು, ರಾತ್ರಿ ಕಳೆಯೋದ್ರೊಳಗೆ ಹಿಡ್ಕೊಡೋನು ಇವನೇ ಅಂತ ಗೊತ್ತಿದ್ದೂ? ನೀವು ಅವನಿಗಿಂತ ದೊಡ್ಡ ಪಾಪಿನಾ? ಅಷ್ಟು ದೊಡ್ಡಸ್ತಿಕೆ ಬೇಡ ಕಣ್ರೀ."

ಡಾಕ್ಟರು ನೀರು ತಾಗಿಸಬೇಡಿ ಎಂದಿದ್ದಾರಲ್ಲ ಎನ್ನುತ್ತಾರೆ ಮೇಷ್ಟ್ರು. ಸೋಮವಾರ ಹೋಗುವ ಕಾಲಿಗೆ ಗುರುವಾರ ಎರಡು ತೊಟ್ಟು ನೀರು ಬಿದ್ದರೆ ಏನಾಗಿಬಿಡುತ್ತದೆ ಎಂದು ಹೆಂಡತಿ ಕೇಳುತ್ತಾರೆ. ನಾಲ್ಕೂವರೆಗೆ ಮೇಷ್ಟ್ರು ಒಗೆದ ಅಂಗಿ ಕೇಳಿ ಹಾಕಿಕೊಳ್ಳುತ್ತಾರೆ. ಹೆಂಡತಿ ಹೊಸ ಬಿಳಿ ಪಟ್ಟಿ ಸುತ್ತುತ್ತಾರೆ, ಬೇಗ ಬಿಚ್ಚಲು ಬರುವ ಹಾಗೆ ಸಡಿಲವಾಗಿ.

ಹತ್ತು ನಿಮಿಷದ ದಾರಿ. ಅವರಿಗೆ ಐವತ್ತು ನಿಮಿಷ ಹಿಡಿಯುತ್ತದೆ. ಮೂರು ಕಡೆ ಕೂರುತ್ತಾರೆ, ಒಂದು ಕಡೆ ಅಂಗಡಿಯವನ ಸ್ಟೂಲು, ಎರಡು ಕಡೆ ಮೆಟ್ಟಿಲು.

ಚರ್ಚಿನಲ್ಲಿ ಹನ್ನೆರಡು ಕುರ್ಚಿಗಳೂ ತುಂಬಿವೆ. ಕೊನೆಯದರಲ್ಲಿ ಕಾರ್ಯದರ್ಶಿಗಳ ಅಳಿಯ ಕೂತಿದ್ದಾರೆ, ರಜೆಗೆ ಬಂದವರು. ಕಾರ್ಯದರ್ಶಿಗಳು ಓಡಿಬರುತ್ತಾರೆ. "ನೀವು ಬೇಡ ಅಂದ್ರಂತಲ್ಲ ಮೇಷ್ಟ್ರೇ. ಕುರ್ಚಿ ಖಾಲಿ ಬಿಡೋಕಾಗುತ್ತಾ?"

"ಹೇಳಿ ಅವರಿಗೆ" ಎಂದು ಹೆಂಡತಿ ಮೊಣಕೈಯಿಂದ ತಿವಿಯುತ್ತಾರೆ.

ಮೇಷ್ಟ್ರು ಕುರ್ಚಿಯನ್ನು ನೋಡುತ್ತಾರೆ. "ಕೂತವರನ್ನ ಎಬ್ಬಿಸೋದಾ?" ಎನ್ನುತ್ತಾರೆ. ಆಮೇಲೆ ಅಳಿಯನ ಹತ್ತಿರ ಹೋಗಿ, "ಕಾಲು ತೋರಿಸಿ ಸ್ವಾಮಿ. ಬೆಳಿಗ್ಗೆ ತೊಳೆದಿಲ್ಲ ನಿಮ್ಮದು" ಎನ್ನುತ್ತಾರೆ.

ಬೇಸಿನ್ನು, ಉಜ್ಜುಕಲ್ಲು ತರಿಸಿಕೊಂಡು ಹೆಂಡತಿಯ ಭುಜ ಹಿಡಿದು ಕೆಳಗೆ ಕೂರುತ್ತಾರೆ. ಹಿಮ್ಮಡಿ, ಬೆರಳ ಸಂದಿ, ಉಗುರು. ಮುನ್ನೂರ ಎಪ್ಪತ್ತೆರಡನೆಯ ಬಲಗಾಲು. ಗಂಟೆ ಬಾರಿಸುವ ಹೊತ್ತಿಗೆ ಮುಗಿಯುತ್ತದೆ. ವಿಧಿಯುದ್ದಕ್ಕೂ ಮೇಷ್ಟ್ರು ಎಂದಿನಂತೆ ಕಂಬದ ಬಳಿ ನಿಂತು ಟವೆಲು ಕೊಡುತ್ತಾರೆ. ಹನ್ನೆರಡನೆಯ ಟವೆಲು ತೆಗೆದುಕೊಳ್ಳುವಾಗ ಫಾದರ್ ತಲೆಯೆತ್ತಿ ಒಗೆದ ಅಂಗಿಯನ್ನೂ ಹೊಸ ಪಟ್ಟಿಯನ್ನೂ ನೋಡುತ್ತಾರೆ. ಆಗ ಮಾತಾಡುವ ಹಾಗಿಲ್ಲ. ವಿಧಿ ಮುಂದುವರಿಯುತ್ತದೆ.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಆಯಾ ಬೇಸಿನ್ನು ಹಿಡಿದು ಬರುತ್ತಾಳೆ. ಆಪರೇಷನ್ನಿಗೆ ಮುಂಚೆ ಕಾಲು ತೊಳೆಯುವುದು ಅಲ್ಲಿಯ ನಿಯಮ. ಕೆಂಪು ಔಷಧಿ ಬೆರೆಸಿದ ನೀರಲ್ಲಿ ಮೊಣಕಾಲಿನಿಂದ ಕೆಳಗೆ ತೊಳೆಯುತ್ತಾಳೆ. ಮೇಷ್ಟ್ರು ದಿಂಬಿನಿಂದ ತಲೆಯೆತ್ತಿ ನೋಡುತ್ತಾರೆ.

"ಬೆರಳ ಸಂದಿ ಬಿಟ್ಟುಹೋಯ್ತಮ್ಮ."

"ಹೋಗೋ ಕಾಲಿಗೆ ಸಂದಿ ಬೇರೆ ಕೇಡು" ಎಂದು ಗೊಣಗುತ್ತಾ ಆಕೆ ಅದನ್ನೂ ತೊಳೆಯುತ್ತಾಳೆ.

ಹತ್ತೂವರೆಗೆ ಬಲಗಾಲನ್ನು ಮೊಣಕಾಲಿನ ಕೆಳಗಿನಿಂದ ತೆಗೆದರು.